ವಿಡಿಯೋ ಮಸುಕಾಗದಿರಬೇಕೇ?

2025ರ ಯುಗಾದಿಗೆ ಮುಂಚಿನ ಒಂದು ಭಾನುವಾರ. ಅತ್ತೆಯವರ ವರ್ಷಾಂತಿಕ ಮುಗಿದಿತ್ತು. ಬಂದಿದ್ದ ನೆಂಟರಿಷ್ಟರು ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು ನಡುಮನೆಯಲ್ಲಿ ಒರಗಿದ್ದರು. "ಅಮ್ಮನ್ನ ಜೋಗಕ್ಕೆ ಕರೆದುಕೊಂಡು ಹೋಗಿದ್ದಿರಲ್ಲ, ಆ ವಿಡಿಯೋ ಹಾಕಿ ಅತ್ತಿಗೆ" ಎಂದಳು ನಾದಿನಿ. ನಾನು ಸಡಗರದಿಂದಲೇ ಪೆನ್‌ಡ್ರೈವ್ ತಂದು ಟೀವಿಗೆ ಸಿಕ್ಕಿಸಿದೆ.

ಚಿತ್ರ ಶುರುವಾಯಿತು. ಫೋನಿನಲ್ಲಿ ಅಷ್ಟು ಚೆಂದ ಕಾಣುತ್ತಿದ್ದ ಜೋಗದ ಧಾರೆ ಟೀವಿಯ ದೊಡ್ಡ ಪರದೆಯ ಮೇಲೆ ಕಲಸಿದ ಗಂಜಿಯ ಹಾಗಿತ್ತು! ಕಾಡೆಲ್ಲ ಹಸುರು ಬಣ್ಣದ ತೇಪೆ. ಅದರ ಮುಂದೆ ನಿಂತಿದ್ದ ಅತ್ತೆಯವರ ಮುಖ, ಅವರು ತಲೆ ತಿರುಗಿಸಿದಾಗಲೆಲ್ಲ ಚೌಕ ಚೌಕವಾಗಿ ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ನಾದಿನಿಯ ಕಿರಿಯ ಮಗ, ಹತ್ತು ವರ್ಷದವನು, ಥಟ್ಟನೆ ಕೇಳಿಯೇಬಿಟ್ಟ: "ಅತ್ತೆ, ಅಜ್ಜಿ ಮುಖ ಯಾಕೆ ಹೀಗೆ ಕರಗಿ ಹೋಗಿದೆ?"

ಯಾರೂ ಮಾತಾಡಲಿಲ್ಲ. ನಾನು ಒಳಗೆ ಹೋಗಿ ಪಾತ್ರೆ ಎತ್ತಿಡುವ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಸೋದರಿಯರೇ, ಈಗ ನಮ್ಮಂಥ ಸಣ್ಣ ಊರಿನ ಮನೆಗಳಿಗೂ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಆಕ್ಷನ್ ಕ್ಯಾಮೆರಾ ಬಂದು ಸೇರುತ್ತಿದೆ. ಬೆಂಗಳೂರಿನಲ್ಲಿರುವ ಮಗನೋ, ಬೈಕಿನಲ್ಲಿ ಸುತ್ತುವ ಮೈದುನನೋ ತಂದಿಟ್ಟಿರುತ್ತಾರೆ. ಚಿತ್ರ ತೆಗೆಯುವುದು ಅವರಾದರೂ ಅದನ್ನು ಕತ್ತರಿಸಿ, ಜೋಡಿಸಿ, ನೆಂಟರಿಗೆ ಕಳಿಸುವ ಕೆಲಸ ಬರಬರುತ್ತಾ ನಮ್ಮ ಪಾಲಿಗೇ ಬರುತ್ತದೆ. ಆದ್ದರಿಂದ "ಇದೆಲ್ಲ ಗಂಡಸರ ವಿಷಯ" ಎಂದು ಪುಟ ತಿರುಗಿಸಬೇಡಿ. ನನಗಾದ ನಷ್ಟ ನಿಮಗಾಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಸೆರಗಿನ ಮೇಲೊಂದು ಕ್ಯಾಮೆರಾ

2023ರ ಆಗಸ್ಟ್. ಅತ್ತೆಯವರಿಗೆ ಆಗ 78. "ಮದುವೆಯಾದ ಹೊಸದರಲ್ಲಿ ಮಾವ ಜೋಗ ತೋರಿಸಿದ್ದರು, ಇನ್ನೊಂದು ಸಲ ನೋಡಿ ಬಿಡ್ತೀನಿ ಕಣೇ" ಎಂದು ಹಲವು ಮಳೆಗಾಲಗಳಿಂದ ಹೇಳುತ್ತಲೇ ಇದ್ದರು. ಮಗ ರಜೆಗೆ ಬಂದಿದ್ದ. ಕಾರು ಮಾಡಿಕೊಂಡು ಹೊರಟೆವು. ಅವನ ಕ್ಯಾಮೆರಾವನ್ನು ನನ್ನ ಎದೆಗೆ, ಸೆರಗಿನ ಮೇಲೆ ಪಟ್ಟಿ ಬಿಗಿದು ಕಟ್ಟಿದ. "ನೀನು ಅಜ್ಜಿ ಕೈ ಹಿಡ್ಕೊಂಡು ನಡಿ ಸಾಕಮ್ಮಾ, ಅದೇ ಎಲ್ಲಾ ತೆಗೆಯುತ್ತೆ" ಎಂದ. ದಾರಿಯಲ್ಲಿ ಕಂಡವರೆಲ್ಲ ನನ್ನನ್ನು ನೋಡಿ ನಕ್ಕರು. ನಗಲಿ ಬಿಡಿ!

ಈ ಜಾತಿಯ ಕ್ಯಾಮೆರಾ ಹುಟ್ಟಿದ್ದೇ ಕೈ ಬಿಡುವಿಲ್ಲದವರಿಗಾಗಿ. ಅಮೆರಿಕದ ನಿಕ್ ವುಡ್‌ಮನ್ ಎಂಬಾತ ಸಮುದ್ರದ ಅಲೆಗಳ ಮೇಲೆ ಹಲಗೆಯಾಟ ಆಡುವಾಗ ಚಿತ್ರ ತೆಗೆಯಲಿಕ್ಕಾಗಲಿಲ್ಲವೆಂದು ಮಣಿಕಟ್ಟಿಗೆ ಕಟ್ಟುವ ಕ್ಯಾಮೆರಾದ ಯೋಚನೆ ಮಾಡಿ, 2002ರಲ್ಲಿ ಗೋಪ್ರೊ ಕಂಪನಿ ಶುರುಮಾಡಿದ. 2004ರಲ್ಲಿ ಬಂದ ಅದರ ಮೊದಲ ಕ್ಯಾಮೆರಾ ರೀಲು ಹಾಕುವಂಥದ್ದು. ಈಗಿನವು ಮಳೆಗೆ, ನೀರಿಗೆ ಅಂಜುವುದಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ತುಂಬ ಅಗಲವಾಗಿ ಚಿತ್ರ ಹಿಡಿಯುತ್ತವೆ.

ಜೋಗ ಆ ದಿನ ತುಂಬಿತ್ತು. 253 ಮೀಟರ್ ಎತ್ತರದಿಂದ ಬೀಳುವ ರಾಜ, ರೋರರ್, ರಾಕೆಟ್, ರಾಣಿ, ನಾಲ್ಕೂ ಬಿಳಿ ಸೀರೆಯ ಹಾಗೆ ಹರಡಿಕೊಂಡಿದ್ದವು. ತುಂತುರು ಮುಖಕ್ಕೆ ಹೊಡೆಯುತ್ತಿತ್ತು. ಅತ್ತೆಯವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, ಮತ್ತೆ ಹಾಕಿಕೊಳ್ಳುತ್ತಾ ಚಿಕ್ಕ ಹುಡುಗಿಯ ಹಾಗೆ ನಕ್ಕರು. ಕ್ಯಾಮೆರಾ ಅದನ್ನೆಲ್ಲ ಒಂದು ಕೂದಲೆಳೆಯೂ ಬಿಡದೆ ಹಿಡಿದಿತ್ತು. ಹಾಳುಮಾಡಿದವಳು ನಾನು!

ನಾನು ಮಾಡಿದ ನಾಲ್ಕು ತಪ್ಪು

ಮಗ ಬೆಂಗಳೂರಿಗೆ ಹೋದ ಮೇಲೆ ಕಾರ್ಡಿನಲ್ಲಿದ್ದುದನ್ನು ಫೋನಿಗೆ ಹಾಕಿಕೊಂಡು, ಒಂದು ಎಡಿಟಿಂಗ್ ಆಪ್‌ನಲ್ಲಿ ಕತ್ತರಿಸಿ ಎಂಟು ನಿಮಿಷದ ಚಿತ್ರ ಮಾಡಿದೆ. ಫೋನಿನಲ್ಲಿ ಜಾಗ ಸಾಲದೆಂದು ಎಕ್ಸ್‌ಪೋರ್ಟ್ ಮಾಡುವಾಗ 'ಸಣ್ಣ ಫೈಲ್' ಎಂಬುದನ್ನು ಒತ್ತಿದೆ. ಇದು ಮೊದಲನೆಯ ತಪ್ಪು.

ಆಮೇಲೆ ಹಿನ್ನೆಲೆಗೆ ದೇವರನಾಮ ಬೇಕೆನಿಸಿತು. ಸಿದ್ಧವಾಗಿದ್ದ ಚಿತ್ರವನ್ನೇ ಇನ್ನೊಂದು ಆಪ್‌ಗೆ ಹಾಕಿ, ಹಾಡು ಸೇರಿಸಿ, ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿದೆ. ಎರಡನೆಯದು.

ಅದನ್ನು ಮನೆಯವರ ವಾಟ್ಸ್‌ಆಪ್ ಗುಂಪಿಗೆ ಕಳಿಸಿ, ಫೋನ್ ಬದಲಾಯಿಸಿದಾಗ ಆ ಗುಂಪಿನಿಂದಲೇ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿದೆ. ಮೂರನೆಯದು.

ನಾಲ್ಕನೆಯದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. "ಚಿತ್ರ ಆಯಿತಲ್ಲ, ಇನ್ನೇಕೆ" ಎಂದು ಕಾರ್ಡನ್ನು ಪೂರ್ತಿ ಅಳಿಸಿ ಮಗನಿಗೆ ಕೊಟ್ಟುಬಿಟ್ಟೆ. 2024ರ ಯುಗಾದಿಗೆ ಮೊದಲೇ ಅತ್ತೆಯವರು ಹೊರಟುಹೋದರು.

ತೆಂಗಿನಕಾಯಿ ಹಾಲು ಹಿಂಡುವುದು ನಮಗೆಲ್ಲ ಗೊತ್ತು. ಮೊದಲ ಹಾಲು ಗಟ್ಟಿ, ಎರಡನೆಯದು ತೆಳು, ಮೂರನೆಯದು ಬರೀ ಬಿಳಿ ನೀರು. ವಿಡಿಯೋವನ್ನು ಪ್ರತಿಸಲ ಎಕ್ಸ್‌ಪೋರ್ಟ್ ಮಾಡಿದಾಗಲೂ ಅಷ್ಟೇ. ಸ್ವಲ್ಪ ಸಾರ ಹೋಗುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ. ನಾನು ನೆಂಟರಿಗೆ ಬಡಿಸಿದ್ದು ಮೂರನೆಯ ಹಾಲು. ಕಾಯಿಯನ್ನೂ ಎಸೆದುಬಿಟ್ಟಿದ್ದೆ!

ರಂಗೋಲಿಯ ಚುಕ್ಕಿ, ರಂಗೋಲಿಯ ಪುಡಿ

"4ಕೆ ಕ್ಯಾಮೆರಾ ಕಣಮ್ಮಾ, ಕ್ವಾಲಿಟಿಗೆ ಏನೂ ಕಮ್ಮಿ ಇಲ್ಲ" ಎಂದು ಮಕ್ಕಳು ಹೇಳುತ್ತಾರಲ್ಲ, ಅದು ಅರ್ಧ ಮಾತು. ಉಳಿದರ್ಧ ಅರ್ಥವಾಗಬೇಕಾದರೆ ಅಂಗಳದ ರಂಗೋಲಿಯನ್ನು ನೆನೆಯಿರಿ.

ವಿಡಿಯೋದ ಒಂದೊಂದು ಚಿತ್ರವೂ ಚುಕ್ಕಿಗಳಿಂದ ಆದದ್ದು. ಇದಕ್ಕೆ ರೆಸಲ್ಯೂಷನ್ ಎನ್ನುತ್ತಾರೆ. 1080 ಎಂಬ ಅಳತೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ, ಒಟ್ಟು ಸುಮಾರು 20 ಲಕ್ಷ 73 ಸಾವಿರ. 4ಕೆ ಎಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160. ಅಂದರೆ ಸುಮಾರು 83 ಲಕ್ಷ, ನಾಲ್ಕರಷ್ಟು. ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು ಫ್ರೇಮ್‌ರೇಟ್. 25, 30, 50, 60 ಹೀಗೆ.

ಇಷ್ಟು ಚುಕ್ಕಿಗಳನ್ನು ಬಿಡಿಸಲು ಸೆಕೆಂಡಿಗೆ ಎಷ್ಟು ಪುಡಿ ಕೊಡುತ್ತೀರಿ ಎಂಬುದೇ ಬಿಟ್‌ರೇಟ್. ಇದನ್ನು ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಅಳೆಯುತ್ತಾರೆ. ಏಳು ಚುಕ್ಕಿಯ ರಂಗೋಲಿಗೆ ಸಾಲುವ ಒಂದು ಹಿಡಿ ಪುಡಿಯಲ್ಲಿ ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಬಿಡಿಸಲು ಹೊರಟರೆ ಏನಾದೀತು? ಗೆರೆ ಕಂಡೂ ಕಾಣದ ಹಾಗಿರುತ್ತದೆ. ಕಡಿಮೆ ಬಿಟ್‌ರೇಟಿನ 4ಕೆ ವಿಡಿಯೋ ಆ ರಂಗೋಲಿಯ ಹಾಗೆ. ಅದಕ್ಕಿಂತ ಪುಡಿ ಧಾರಾಳವಾಗಿರುವ 1080 ಎಷ್ಟೋ ಮೇಲು.

ಇನ್ನೊಂದು ಲೆಕ್ಕ ನೋಡಿ. ಸೆಕೆಂಡಿಗೆ 30 ಚಿತ್ರಗಳ 1080 ವಿಡಿಯೋವನ್ನು ಒಂದು ಚುಕ್ಕಿಗೆ 24 ಬಿಟ್‌ನಂತೆ ಹಾಗ್ಹಾಗೇ ಇಟ್ಟರೆ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 150 ಕೋಟಿ ಬಿಟ್ ಬೇಕು. ನಾವು ಸಾಮಾನ್ಯವಾಗಿ ಕೊಡುವುದು 80 ಲಕ್ಷದಿಂದ ಒಂದೆರಡು ಕೋಟಿ! ಇಷ್ಟೊಂದು ಹಿಂಡಿಯೂ ಚಿತ್ರ ಕಾಣಿಸುತ್ತದಲ್ಲ, ಅದು ಹೇಗೆ? ಹಿಂಡುವ ಯಂತ್ರ ಬಲು ಜಾಣ. ಮೊದಲ ಚಿತ್ರವನ್ನು ಪೂರ್ತಿ ಬರೆದುಕೊಂಡು, ಮುಂದಿನ ಚಿತ್ರಗಳಲ್ಲಿ ಬದಲಾದ ಭಾಗವನ್ನು ಮಾತ್ರ ಬರೆದುಕೊಳ್ಳುತ್ತದೆ. ಟೀವಿಯಲ್ಲಿ ವಾರ್ತೆ ಓದುವವರ ಹಿಂದಿನ ಗೋಡೆ ಅಲುಗುವುದಿಲ್ಲ, ತುಟಿ ಮಾತ್ರ ಅಲುಗುತ್ತದೆ. ಅಲ್ಲಿ ಒಂದು ಚಿಟಿಕೆ ಪುಡಿ ಸಾಕು.

ಆಕ್ಷನ್ ಕ್ಯಾಮೆರಾಗೇ ಏಕೆ ಈ ಕಾಟ?

ಈಗ ನಮ್ಮ ಎದೆಗೆ ಕಟ್ಟಿದ ಕ್ಯಾಮೆರಾ ನೋಡಿ. ನಡೆದರೆ ಇಡೀ ಚಿತ್ರವೇ ಅಲುಗುತ್ತದೆ. ಬೀಳುವ ನೀರಿನಲ್ಲಿ ಈ ಕ್ಷಣದ ಹನಿ ಮುಂದಿನ ಕ್ಷಣದಲ್ಲಿಲ್ಲ. ಗಾಳಿಗೆ ಸಾವಿರಾರು ಎಲೆ ಸಾವಿರಾರು ರೀತಿಯಲ್ಲಿ ಆಡುತ್ತವೆ. ಬೈಕಿನ ಕೆಳಗೆ ಓಡುವ ಜಲ್ಲಿ ರಸ್ತೆ, ಕಂಬಳದಲ್ಲಿ ಚಿಮ್ಮುವ ಕೆಸರು ನೀರು, ಹೋಳಿಯ ಬಣ್ಣದ ಪುಡಿ, ತೇರಿನ ಜನಜಂಗುಳಿ, ಎಲ್ಲವೂ ಹೀಗೆಯೇ. 'ಬದಲಾದ ಭಾಗ ಮಾತ್ರ' ಎಂದು ಹೊರಟ ಯಂತ್ರಕ್ಕೆ ಎಲ್ಲವೂ ಬದಲಾದದ್ದೇ! ಕೊಟ್ಟ ಪುಡಿ ಸಾಲದೆ ಅದು ಹತ್ತಿರದ ಚುಕ್ಕಿಗಳನ್ನೆಲ್ಲ ಒಂದೇ ಬಣ್ಣ ಮಾಡಿ ಕೈತೊಳೆದುಕೊಳ್ಳುತ್ತದೆ. ಚೌಕ ಚೌಕ ಕಾಣುವುದು, ಹುಲ್ಲು ಪಾಚಿಯಂತಾಗುವುದು, ಮುಖ ಮೇಣದಂತಾಗುವುದು ಇದರಿಂದಲೇ.

ಕ್ಯಾಮೆರಾ ತಾನು ಬರೆದುಕೊಳ್ಳುವಾಗ ಜಿಪುಣತನ ಮಾಡುವುದಿಲ್ಲ. ಗೋಪ್ರೊದ ಹೀರೋ 8 ಬ್ಲ್ಯಾಕ್ 100 ಎಂಬಿಪಿಎಸ್ ತನಕ ಬರೆದುಕೊಳ್ಳುತ್ತದೆ. ನನ್ನ ಎಂಟು ನಿಮಿಷದ ಚಿತ್ರ, ವಾಟ್ಸ್‌ಆಪ್‌ನಿಂದ ತಿರುಗಿ ಬಂದಾಗ, 90 ಎಂಬಿ ಕೂಡ ಇರಲಿಲ್ಲ. ಲೆಕ್ಕ ಹಾಕಿದರೆ ಸೆಕೆಂಡಿಗೆ ಒಂದೂವರೆ ಮೆಗಾಬಿಟ್! ಜೋಗ ಗಂಜಿಯಾಗದೆ ಇನ್ನೇನಾದೀತು?

ಚಿತ್ರ ತೆಗೆಯುವಾಗಲೇ ಎಚ್ಚರ

ಹುಳಿ ಮೊಸರಿಗೆ ಎಷ್ಟು ಒಗ್ಗರಣೆ ಹಾಕಿದರೂ ಹುಳಿ ಹುಳಿಯೇ. ಕ್ಯಾಮೆರಾದಲ್ಲಿ ಸರಿಯಾಗಿ ಬೀಳದ್ದು ಆಮೇಲೆ ಎಕ್ಸ್‌ಪೋರ್ಟಿನಲ್ಲಿ ಸರಿಹೋಗದು.

ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಆಗಾಗ ಒರೆಸಿ. ಎಣ್ಣೆ ಕೈ, ಅರಿಸಿನದ ಕೈ ಅದಕ್ಕೆ ತಾಗಬಾರದು. ಒಂದು ಹನಿ ನೀರು ನಿಂತರೆ ನಡುವೆ ಮಂಜು ಕವಿದ ಹಾಗೆ ಆಗುತ್ತದೆ.

ಸೆಟ್ಟಿಂಗ್‌ನಲ್ಲಿ ಬಿಟ್‌ರೇಟ್ ಎಂಬುದಿದ್ದರೆ 'ಹೈ' ಇಡಿ. ಫ್ಲಿಕರ್ ತಡೆಯುವ ಸೆಟ್ಟಿಂಗ್‌ನಲ್ಲಿ 50 ಹರ್ಟ್ಸ್ ಆರಿಸಿ. ನಮ್ಮ ದೇಶದ ಕರೆಂಟು 50 ಹರ್ಟ್ಸ್‌ನದು. 60 ಇಟ್ಟರೆ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಮದುವೆಮನೆಯ ಚಿತ್ರದಲ್ಲಿ ಬೆಳಕು ಮಿಣಮಿಣ ಎನ್ನುತ್ತದೆ. 50 ಇಟ್ಟಾಗ ಫ್ರೇಮ್‌ರೇಟ್ 25 ಅಥವಾ 50 ಎಂದು ಸಿಗುತ್ತದೆ.

ಕತ್ತಲಲ್ಲಿ ಈ ಕ್ಯಾಮೆರಾಗಳು ಸೋಲುತ್ತವೆ. ಕಣ್ಣು ಚಿಕ್ಕದು, ಬೆಳಕು ಸಾಲದು, ಚಿತ್ರದಲ್ಲೆಲ್ಲ ರವೆ ರವೆ. ಆ ರವೆ ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಕಡೆ ಇರುವುದರಿಂದ ಎಕ್ಸ್‌ಪೋರ್ಟಿನಲ್ಲಿ ಅರ್ಧ ಪುಡಿಯನ್ನು ಅದೇ ನುಂಗುತ್ತದೆ. ಆರತಿಯ ಹೊತ್ತಿನಲ್ಲಿ ಇನ್ನೊಂದು ದೀಪ ಹಾಕಿಕೊಂಡರೆ ಒಳ್ಳೆಯದು.

ಕಾರ್ಡು ಕೊಳ್ಳುವಾಗ ಅದರ ಮೇಲೆ 'ವಿ30' ಗುರುತು ಇದೆಯೇ ನೋಡಿ. ಸೆಕೆಂಡಿಗೆ 30 ಮೆಗಾಬೈಟ್‌ಗೆ ಕಡಿಮೆಯಿಲ್ಲದಂತೆ ಬರೆದುಕೊಳ್ಳುತ್ತದೆ ಎಂದು ಅದರ ಅರ್ಥ. 100 ಎಂಬಿಪಿಎಸ್ ಅಂದರೆ ಹನ್ನೆರಡೂವರೆ ಮೆಗಾಬೈಟ್. ಅದಕ್ಕೆ ಇದು ಧಾರಾಳ ಸಾಕು. ಎಂಟು ಬಿಟ್ ಸೇರಿದರೆ ಒಂದು ಬೈಟ್ ಎಂಬುದನ್ನು ಮರೆಯಬೇಡಿ. ಪಾವು, ಸೇರು ಅದಲುಬದಲಾದರೆ ಎಸರು ಅಕ್ಕಿ ಎರಡೂ ಕೆಡುತ್ತವಲ್ಲ, ಇದೂ ಹಾಗೆಯೇ.

ಎಡಿಟ್ ಮಾಡುವಾಗ

ಮೊದಲಿಗೆ ಕಾರ್ಡಿನಲ್ಲಿರುವುದನ್ನು ಪೂರ್ತಿ ಕಂಪ್ಯೂಟರಿಗೋ ಹಾರ್ಡ್‌ಡಿಸ್ಕಿಗೋ ನಕಲು ಮಾಡಿ. ಗೋಪ್ರೊ ಕಾರ್ಡಿನಲ್ಲಿ ಒಂದೇ ದೃಶ್ಯಕ್ಕೆ ಮೂರು ಫೈಲು ಕಾಣಬಹುದು. ಎಂಪಿ4 ಎಂದು ಕೊನೆಯಾಗುವುದು ನಿಜವಾದ ಚಿತ್ರ. ಎಲ್‌ಆರ್‌ವಿ ಎಂಬುದು ಬೇಗ ತೆರೆದು ನೋಡಲೆಂದು ಕ್ಯಾಮೆರಾ ಮಾಡಿಟ್ಟ ಸಣ್ಣ ನಕಲು. ಟಿಎಚ್‌ಎಂ ಬರೀ ಗುರುತಿನ ಚಿತ್ರ. "ಎಲ್‌ಆರ್‌ವಿ ಸಣ್ಣದಿದೆ, ಬೇಗ ಕಾಪಿ ಆಗುತ್ತೆ" ಎಂದು ಅದನ್ನೇ ಎಡಿಟ್ ಮಾಡಿದರೆ ಮೊದಲ ಹೆಜ್ಜೆಯಲ್ಲೇ ಮೂರನೆಯ ಹಾಲು!

ಕಂಪ್ಯೂಟರ್ ತಡವರಿಸಿದರೆ 'ಪ್ರಾಕ್ಸಿ' ಎಂಬ ಅನುಕೂಲ ಬಳಸಬಹುದು. ಎಡಿಟ್ ಮಾಡುವಾಗ ಸಣ್ಣ ನಕಲು ತೋರಿಸಿ, ಎಕ್ಸ್‌ಪೋರ್ಟ್ ಮಾಡುವಾಗ ಮೂಲವನ್ನು ಬಳಸುವ ಉಪಾಯ ಅದು. ಆದರೆ ಕೊನೆಯಲ್ಲಿ ಮೂಲವೇ ಬಳಕೆಯಾಗುತ್ತಿದೆಯೇ ಎಂದು ಸೆಟ್ಟಿಂಗ್ ನೋಡಿ ಖಚಿತ ಮಾಡಿಕೊಳ್ಳಿ. ದುಡ್ಡು ಕೊಡದೆ ಸಿಗುವ ಒಳ್ಳೆಯ ಎಡಿಟಿಂಗ್ ತಂತ್ರಾಂಶಗಳಿವೆ. ಶಾಟ್‌ಕಟ್ ಸರಳವಾದದ್ದು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೂ 4ಕೆ ತನಕ ಎಕ್ಸ್‌ಪೋರ್ಟ್ ಮಾಡುತ್ತದೆ. ಅದಕ್ಕೆ ಮಾತ್ರ ಸ್ವಲ್ಪ ಬಲವಾದ ಕಂಪ್ಯೂಟರೇ ಬೇಕು.

ಹೊಸ ಪ್ರಾಜೆಕ್ಟ್ ತೆರೆದಾಗ ಅದರ ಫ್ರೇಮ್‌ರೇಟ್ ನೀವು ತೆಗೆದ ಚಿತ್ರದ್ದೇ ಇರಲಿ. 25ರಲ್ಲಿ ತೆಗೆದದ್ದನ್ನು 30 ಮಾಡಲು ಹೋದರೆ ನಡಿಗೆ ಕುಂಟುತ್ತದೆ. 4ಕೆಯಲ್ಲಿ ತೆಗೆದು 1080ರಲ್ಲಿ ಚಿತ್ರ ಮಾಡುವುದರಲ್ಲಿ ಒಂದು ಲಾಭವಿದೆ: ದೂರದಲ್ಲಿರುವ ಮುಖವನ್ನು ಎರಡು ಪಟ್ಟು ಹತ್ತಿರ ತಂದರೂ ಸ್ಪಷ್ಟತೆ ಕೆಡುವುದಿಲ್ಲ. ಆದರೆ 720ರಲ್ಲಿ ತೆಗೆದದ್ದನ್ನು 4ಕೆ ಎಂದು ಎಕ್ಸ್‌ಪೋರ್ಟ್ ಮಾಡಿದರೆ ಇಲ್ಲದ ವಿವರ ಬರುವುದಿಲ್ಲ. ಹಾಲಿಗೆ ನೀರು ಬೆರೆಸಿದರೆ ಲೋಟ ತುಂಬೀತು, ಕೆನೆ ಕಟ್ಟೀತೇ?

ಹಾಡು, ಹೆಸರು, ಬಣ್ಣ ತಿದ್ದುವುದು, ಎಲ್ಲವನ್ನೂ ಒಂದೇ ಪ್ರಾಜೆಕ್ಟಿನಲ್ಲಿ ಮುಗಿಸಿ. ಶಾರ್ಪ್ ಮಾಡುವ ಗುಂಡಿಯನ್ನು ಹೆಚ್ಚು ಎಳೆಯಬೇಡಿ. ಎಲೆಯಂಚು, ಕೂದಲಂಚೆಲ್ಲ ಗೆರೆ ಎಳೆದ ಹಾಗಾಗಿ ಪುಡಿ ದಂಡ. ಎಲ್ಲ ಮುಗಿದ ಮೇಲೆ ಎಕ್ಸ್‌ಪೋರ್ಟ್ ಒಮ್ಮೆ. ಮತ್ತೆ ತಿದ್ದಬೇಕೆನಿಸಿದರೆ ಪ್ರಾಜೆಕ್ಟಿಗೇ ಹಿಂದಿರುಗಿ ತಿದ್ದಿ; ಎಕ್ಸ್‌ಪೋರ್ಟ್ ಆದ ಫೈಲನ್ನು ಮತ್ತೆ ಕತ್ತರಿಸಲು ಹೋಗಬೇಡಿ.

ಎಕ್ಸ್‌ಪೋರ್ಟ್ ಒತ್ತುವ ಮುನ್ನ

ಆಪ್‌ಗಳಲ್ಲಿ ಕೆಲವು 'ಶಿಫಾರಸು' ಎಂದು ತಾವೇ ಒಂದನ್ನು ಆರಿಸಿಕೊಂಡು ಕೂತಿರುತ್ತವೆ. ಅದನ್ನು ಬಿಟ್ಟು, ಒಳಗಿನ ಸೆಟ್ಟಿಂಗ್ ತೆರೆದು ಇವನ್ನು ನೀವೇ ನೋಡಿ:

ಫೈಲಿನ ಬಗೆ: ಎಂಪಿ4.

ಕೋಡೆಕ್, ಅಂದರೆ ಹಿಂಡುವ ವಿಧಾನ: ಎಚ್.264 ಅಥವಾ ಎಚ್.265. ಮೊದಲನೆಯದು 2003ರಿಂದ ಇರುವುದು, ಹಳೆಯ ಟೀವಿಯಲ್ಲೂ ಓಡುತ್ತದೆ. 2013ರಲ್ಲಿ ಬಂದ ಎರಡನೆಯದು ಅದೇ ಸ್ಪಷ್ಟತೆಯನ್ನು ಸುಮಾರು ಅರ್ಧ ಪುಡಿಯಲ್ಲಿ ಕೊಡಬಲ್ಲದು. ಆದರೆ ಹಳೆಯ ಟೀವಿ, ಹಳೆಯ ಫೋನುಗಳಿಗೆ ಅರ್ಥವಾಗದಿರಬಹುದು. ನೆಂಟರಿಗೆ ಕೊಡುವುದಾದರೆ ಎಚ್.264 ಕ್ಷೇಮ.

ರೆಸಲ್ಯೂಷನ್, ಫ್ರೇಮ್‌ರೇಟ್: ಪ್ರಾಜೆಕ್ಟಿನಲ್ಲಿರುವಂತೆಯೇ.

ಬಿಟ್‌ರೇಟ್: ಯೂಟ್ಯೂಬಿಗೆ ಹಾಕಲು ಅವರೇ ಸೂಚಿಸುವುದು 1080ಕ್ಕೆ 8 ಎಂಬಿಪಿಎಸ್, ಅದೇ ಫ್ರೇಮ್‌ರೇಟ್ 50, 60 ಇದ್ದರೆ 12. 4ಕೆಗೆ 35ರಿಂದ 45, ಹೆಚ್ಚು ಫ್ರೇಮ್‌ರೇಟಿಗೆ 53ರಿಂದ 68. ಇದು ಎಲ್ಲ ಬಗೆಯ ಚಿತ್ರಗಳಿಗೆ ಹೇಳಿದ ಮಾತು. ನೀರು, ಎಲೆ, ಧೂಳು ತುಂಬಿದ ಆಕ್ಷನ್ ಕ್ಯಾಮೆರಾ ಚಿತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಾದರೆ ಎಚ್.264ನಲ್ಲಿ ನಾನು 1080ಕ್ಕೆ 20ರಿಂದ 25, 4ಕೆಗೆ 60ಕ್ಕೆ ಕಡಿಮೆಯಿಲ್ಲದಂತೆ ಕೊಡುತ್ತೇನೆ. ಕ್ಯಾಮೆರಾ ಬರೆದುಕೊಂಡದ್ದಕ್ಕಿಂತ ಹೆಚ್ಚು ಕೊಟ್ಟು ಪ್ರಯೋಜನವಿಲ್ಲ.

'ವಿಬಿಆರ್, ಎರಡು ಪಾಸ್' ಎಂಬುದಿದ್ದರೆ ಆರಿಸಿ. ಯಂತ್ರ ಮೊದಲ ಸಲ ಚಿತ್ರವನ್ನೆಲ್ಲ ಓದಿ ಎಲ್ಲಿ ಪುಡಿ ಹೆಚ್ಚು ಬೇಕೆಂದು ಲೆಕ್ಕ ಹಾಕಿ, ಎರಡನೆಯ ಸಲ ಬಿಡಿಸುತ್ತದೆ. ಹೊತ್ತು ಹೆಚ್ಚು ಹಿಡಿಯುತ್ತದೆ. ಹಿಡಿಯಲಿ, ಅಷ್ಟರಲ್ಲಿ ಒಂದು ಅನ್ನ ಸಾರು ಆಗುತ್ತದೆ.

ಧ್ವನಿ: ಎಎಸಿ, 48 ಕಿಲೋಹರ್ಟ್ಸ್, 192 ಕೆಬಿಪಿಎಸ್ ಅಥವಾ ಮೇಲೆ.

ಫೈಲು ಎಷ್ಟು ದೊಡ್ಡದಾಗುತ್ತದೆಂಬ ಭಯವೇ? ಲೆಕ್ಕ ಸುಲಭ. ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ ಎಂಟರಿಂದ ಭಾಗಿಸಿ, ಎಂಬಿ ಸಿಗುತ್ತದೆ. ಹತ್ತು ನಿಮಿಷ, ಅಂದರೆ 600 ಸೆಕೆಂಡಿನ ಚಿತ್ರ 12 ಎಂಬಿಪಿಎಸ್‌ನಲ್ಲಿ 900 ಎಂಬಿ. 24ರಲ್ಲಿ 1800. 60ರಲ್ಲಿ 4500, ಅಂದರೆ ನಾಲ್ಕೂವರೆ ಜಿಬಿ.

ಪಾಕ ನೋಡುವ ಹಾಗೆ

ಮೈಸೂರುಪಾಕು ಮಾಡುವವಳು ಹಿಟ್ಟು ಸುರಿಯುವ ಮುಂಚೆ ಒಂದು ಹನಿ ಪಾಕ ಬೆರಳಲ್ಲಿ ಹಿಡಿದು ಎಳೆ ನೋಡುತ್ತಾಳೆ. ಇಲ್ಲೂ ಹಾಗೆ ಮಾಡಿ. ಚಿತ್ರದಲ್ಲಿ ಅತಿ ಕಷ್ಟದ ಹತ್ತು ಸೆಕೆಂಡು ಹುಡುಕಿ. ಕ್ಯಾಮೆರಾ ತಿರುಗುವಾಗ, ನೀರು ಚಿಮ್ಮುವಾಗ, ಮುಖ ಹತ್ತಿರ ಬಂದಾಗ. ಅಷ್ಟನ್ನೇ ಮೂರು ಬಿಟ್‌ರೇಟಿನಲ್ಲಿ ಎಕ್ಸ್‌ಪೋರ್ಟ್ ಮಾಡಿ, ಫೋನಿನಲ್ಲಲ್ಲ, ಟೀವಿಯಲ್ಲಿ ನೋಡಿ. ಚಿತ್ರವನ್ನು ನಿಲ್ಲಿಸಿ ನೋಡುವುದಕ್ಕಿಂತ ಓಡಿಸಿ ನೋಡಿ. ಹೆಚ್ಚಿನದಕ್ಕೂ ಮೂಲಕ್ಕೂ ವ್ಯತ್ಯಾಸ ಕಾಣದಿದ್ದರೆ ಅದೇ ನಿಮ್ಮ ಹದ.

ಫೋನಿನ ಸಣ್ಣ ಪರದೆ ನಮ್ಮನ್ನು ಮೋಸ ಮಾಡುತ್ತದೆ. ನನ್ನ ಕತೆಯೇ ಸಾಕ್ಷಿ.

ಹಂಚುವಾಗ, ಇಡುವಾಗ

ವಾಟ್ಸ್‌ಆಪ್‌ನಲ್ಲಿ ವಿಡಿಯೋ ಎಂದು ಕಳಿಸಿದರೆ ಅದು ತಾನೇ ಇನ್ನೊಮ್ಮೆ ಹಿಂಡುತ್ತದೆ. 'ಎಚ್‌ಡಿ' ಒತ್ತಿದರೂ ಸ್ವಲ್ಪ ಕಡಿಮೆ ಹಿಂಡೀತು, ಅಷ್ಟೇ. ಅದರ ಬದಲು ಲಗತ್ತಿಸುವ ಗುರುತು ಒತ್ತಿ, 'ಡಾಕ್ಯುಮೆಂಟ್' ಎಂದು ಆರಿಸಿ ಅದೇ ಫೈಲನ್ನು ಕಳಿಸಿ. 2 ಜಿಬಿ ತನಕ ಹಾಗೇ ಹೋಗುತ್ತದೆ. ಇನ್ನೂ ದೊಡ್ಡದಿದ್ದರೆ ಗೂಗಲ್ ಡ್ರೈವ್‌ಗೆ ಹಾಕಿ ಕೊಂಡಿ ಕಳಿಸಬಹುದು.

ಪೆನ್‌ಡ್ರೈವಿಗೆ ಹಾಕುವಾಗ ಜಾಗ ಇದ್ದರೂ 4 ಜಿಬಿಗಿಂತ ದೊಡ್ಡ ಫೈಲು ಹೋಗಲೊಲ್ಲದೆ? ಅದು ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿದೆ ಎಂದರ್ಥ. ಒಳಗಿನದನ್ನು ಬೇರೆಡೆ ತೆಗೆದಿಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಜೋಕೆ! ನಿಮ್ಮ ಟೀವಿ ಎಕ್ಸ್‌ಫ್ಯಾಟ್ ಓದುತ್ತದೆಯೇ ಎಂಬುದನ್ನು ಮೊದಲು ಒಂದು ಸಣ್ಣ ಫೈಲಿನಲ್ಲಿ ನೋಡಿಕೊಳ್ಳಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ: ಮೂಲ ಚಿತ್ರಗಳನ್ನು ಅಳಿಸಬೇಡಿ. ಎಲ್ಲವನ್ನೂ ಇಡಲಾಗದಿದ್ದರೆ ಮನುಷ್ಯರ ಮುಖ, ಮಾತು ಇರುವ ತುಣುಕುಗಳನ್ನಾದರೂ ಇಡಿ. ಒಂದು ನಕಲು ಮನೆಯಲ್ಲಿ, ಇನ್ನೊಂದು ಮಗಳ ಮನೆಯಲ್ಲೋ ತಂಗಿಯ ಮನೆಯಲ್ಲೋ. ಎರಡೂ ನಕಲು ತೆರೆಯುತ್ತವೆಯೇ ಎಂದು ಓಡಿಸಿ ನೋಡಿದ ಮೇಲೆಯೇ ಕಾರ್ಡು ಅಳಿಸುವ ಮಾತು.

ಐವತ್ತೆರಡು ಸೆಕೆಂಡು

ವರ್ಷಾಂತಿಕದ ಆ ರಾತ್ರಿ ಮಗ ನನ್ನ ಪಕ್ಕ ಬಂದು ಕೂತ. "ಅಮ್ಮಾ, ಜೋಗದಿಂದ ಬಂದ ದಿನ ಕ್ಯಾಮೆರಾ ಸರಿಯಾಗಿ ತೆಗೆದಿದ್ಯಾ ಅಂತ ನೋಡೋಕೆ ಒಂದು ಕ್ಲಿಪ್ ನನ್ನ ಲ್ಯಾಪ್‌ಟಾಪಿಗೆ ಹಾಕ್ಕೊಂಡಿದ್ದೆ. ಇದೆಯೋ ಇಲ್ವೋ ನೋಡ್ತೀನಿ ಇರು" ಎಂದ.

ಇತ್ತು. 52 ಸೆಕೆಂಡು. ಎಂಟು ನಿಮಿಷದ ನನ್ನ ಚಿತ್ರ 90 ಎಂಬಿ ಇರಲಿಲ್ಲವೆಂದೆನಲ್ಲ, ಇದೊಂದೇ ತುಣುಕು 650 ಎಂಬಿ!

ಇಬ್ಬರೂ ಕೂತು ಅದನ್ನು 5, 12, 25 ಎಂಬಿಪಿಎಸ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ ಟೀವಿಗೆ ಹಾಕಿದೆವು. ಐದರಲ್ಲಿ ನೀರು ಹತ್ತಿಯ ಉಂಡೆ. ಹನ್ನೆರಡರಲ್ಲಿ ಮುಖ ಚೆನ್ನಾಗಿತ್ತು, ತುಂತುರು ಬಂದಾಗ ಮಾತ್ರ ಕಲಸಿತು. ಇಪ್ಪತ್ತೈದರಲ್ಲಿ ಮೂಲ ಯಾವುದು, ನಕಲು ಯಾವುದು ಎಂದು ನನ್ನ ಕಣ್ಣಿಗೆ ಹೇಳಲಾಗಲಿಲ್ಲ. ಕನ್ನಡಕದ ಗಾಜಿನ ಮೇಲೆ ಕೂತ ಹನಿ, ಮೂಗುಬೊಟ್ಟಿನ ಹೊಳಪು, ಹಣೆಯ ಕುಂಕುಮ ಒಂದು ಕಡೆ ನೀರಿಗೆ ಇಳಿದದ್ದು, ಎಲ್ಲ ಕಂಡಿತು. "ಸಾಕು ನಡಿಯೇ, ನೆನೆದುಹೋದೆ" ಎನ್ನುತ್ತಲೇ ಅಲ್ಲಿಂದ ಕದಲದೆ ನಿಂತಿದ್ದರು ನಮ್ಮತ್ತೆ.

ಬೆಳಿಗ್ಗೆ ಹೊರಡುವ ಮುಂಚೆ ನಾದಿನಿಯ ಮಗನನ್ನು ಕೂರಿಸಿ ಅದನ್ನು ತೋರಿಸಿದೆ. ಹುಡುಗ ಎರಡು ಸಲ ನೋಡಿದ. "ಇದು ಅಜ್ಜಿ!" ಎಂದ.

ಉಳಿದ ಏಳು ನಿಮಿಷ ಎಂದೆಂದಿಗೂ ಹೋಯಿತು. ನಿಮ್ಮ ಮನೆಯಲ್ಲೂ ಇಂಥದೊಂದು ಕಾರ್ಡು ಡ್ರಾಯರಿನ ಮೂಲೆಯಲ್ಲಿ ಬಿದ್ದಿರಬಹುದು. ಇವತ್ತು ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅದನ್ನು ಹುಡುಕಿ ತೆಗೆಯಿರಿ. ಎಡಿಟ್ ಮಾಡುವುದು ನಿಧಾನವಾಗಿ ಆಗಲಿ, ಮೊದಲು ಒಂದು ನಕಲು ಮಾಡಿಡಿ.